ಗೆಲುವಿನ ಲೆಕ್ಕ, ಉಳಿವಿನ ಲೆಕ್ಕ

ಮೋಟಾರ್ ಸೈಕಲ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೊಜಿಪಿಯ 2024ರ ಋತು ಆ ವರ್ಷದ ನವೆಂಬರ್ 17ರಂದು ಬಾರ್ಸಿಲೋನಾದಲ್ಲಿ ಮುಗಿಯಿತು. ಅದಾದ ಹನ್ನೆರಡನೆಯ ದಿನ, ತಯಾರಕರ ಪಟ್ಟಿಯಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಆಸ್ಟ್ರಿಯಾದ ಕೆಟಿಎಂ ಕಂಪನಿಯು ಸಾಲ ತೀರಿಸಲಾಗದೆ ತನ್ನ ದೇಶದ ನ್ಯಾಯಾಲಯದ ಮೊರೆಹೊಕ್ಕಿತು. 2025ರ ಕೊನೆಯ ಹೊತ್ತಿಗೆ ಅದರ ನಿಯಂತ್ರಣ ಪುಣೆಯ ಬಜಾಜ್ ಆಟೊ ಕೈಗೆ ಬಂದಿತು. ಕ್ರೀಡಾಪುಟದ ಸುದ್ದಿ ಹೀಗೆ ವಾಣಿಜ್ಯಪುಟಕ್ಕೆ ದಾಟಿದಾಗ, ರೇಸಿನ ಗಂಧಗಾಳಿ ಇಲ್ಲದವರೂ ಆ ಋತುವಿನತ್ತ ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು.

ಮೊದಲು ಸವಾರರ ವಿಷಯ. ಇಪ್ಪತ್ತು ಸುತ್ತುಗಳ ಆ ಋತುವಿನಲ್ಲಿ ಇಟಲಿಯ ಫ್ರಾನ್ಸೆಸ್ಕೊ ಬನ್ಯಾಯ ಹನ್ನೊಂದು ಭಾನುವಾರಗಳ ಮುಖ್ಯ ರೇಸುಗಳನ್ನು ಗೆದ್ದರು. ಸ್ಪೇನಿನ ಹೋರ್ಹೆ ಮಾರ್ಟಿನ್ ಗೆದ್ದಿದ್ದು ಮೂರನ್ನು ಮಾತ್ರ. ಆದರೂ ಚಾಂಪಿಯನ್ ಆದವರು ಮಾರ್ಟಿನ್; 508 ಅಂಕಗಳಿಗೆ 498, ಅಂತರ ಕೇವಲ ಹತ್ತು. ಇಬ್ಬರೂ ಏರಿದ್ದು ಡುಕಾಟಿ ಬೈಕುಗಳನ್ನೇ. ಬನ್ಯಾಯ ಅವರದು ಕಾರ್ಖಾನೆಯ ಸ್ವಂತ ತಂಡ, ಮಾರ್ಟಿನ್ ಅವರದು ಅದೇ ಕಾರ್ಖಾನೆಯ ಬೈಕು ಪಡೆದು ಓಡಿಸುವ ಪ್ರಾಮಾಕ್ ಎಂಬ ಖಾಸಗಿ ತಂಡ.

ಇದು ಅನ್ಯಾಯವೆಂದು ತೋರಬಹುದು. ಆದರೆ ಅಂಕಗಳ ನಿಯಮ ನೋಡಿದರೆ ಹಾಗಲ್ಲ. ಭಾನುವಾರದ ಗೆಲುವಿಗೆ 25 ಅಂಕ, ಎರಡನೆಯ ಸ್ಥಾನಕ್ಕೆ 20. ಅಂದರೆ ಗೆದ್ದವನಿಗೆ ದಕ್ಕುವ ಹೆಚ್ಚುವರಿ ಲಾಭ ಐದೇ ಅಂಕ. ಬಿದ್ದವನು ಕಳೆದುಕೊಳ್ಳುವುದು ಇಪ್ಪತ್ತೈದನ್ನೂ. 2023ರಿಂದ ಪ್ರತಿ ಸುತ್ತಿನ ಶನಿವಾರವೂ ಗೆದ್ದವರಿಗೆ 12 ಅಂಕ ಕೊಡುವ ಕಿರು ರೇಸ್ ಸೇರಿಕೊಂಡಿತು. ಬನ್ಯಾಯ ಎಡವಿದ್ದು ಇಲ್ಲಿಯೇ. ಮೇ ತಿಂಗಳಲ್ಲಿ ಬಾರ್ಸಿಲೋನಾದ ಕಿರು ರೇಸಿನ ಕೊನೆಯ ಸುತ್ತಿನಲ್ಲಿ ಮುಂದಿದ್ದಾಗಲೇ ಬಿದ್ದರು. ನವೆಂಬರ್‌ನಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ಮಾರ್ಟಿನ್‌ರನ್ನು ಬೆನ್ನಟ್ಟುತ್ತಾ ಮತ್ತೆ ಬಿದ್ದರು. ಮಾರ್ಟಿನ್ ಕೂಡ ಬಿದ್ದವರೇ; ಜರ್ಮನಿಯಲ್ಲಿ ಕೈಗೆ ಬಂದ ಗೆಲುವನ್ನು ಕಳೆದುಕೊಂಡವರು. ಆದರೆ ಬಿದ್ದ ಸಂದರ್ಭಗಳು ಕಡಿಮೆ. ಉಳಿದ ಬಹುತೇಕ ವಾರಗಳಲ್ಲಿ ಎರಡನೆಯದೋ ಮೂರನೆಯದೋ ಸ್ಥಾನವನ್ನು ಕೂಡಿಟ್ಟರು. ಪ್ರತಿ ರೇಸಿನ ಚಪ್ಪಾಳೆ ಒಂದು ಲೆಕ್ಕ, ವರ್ಷಾಂತ್ಯದ ಜಮೆ ಇನ್ನೊಂದು ಲೆಕ್ಕ.

ಸವಾರರಿಗೆ ಒಪ್ಪುವ ಈ ಮಾತು ಕಂಪನಿಗಳಿಗೆ ಇನ್ನಷ್ಟು ಕಠೋರವಾಗಿ ಒಪ್ಪುತ್ತದೆ. ಆ ವರ್ಷದ ಇಪ್ಪತ್ತು ಮುಖ್ಯ ರೇಸುಗಳಲ್ಲಿ ಹತ್ತೊಂಬತ್ತು ಡುಕಾಟಿಯ ಪಾಲಾದವು. ಕೆಟಿಎಂ ಎರಡನೆಯ ಸ್ಥಾನ ಪಡೆಯಿತೆಂಬುದು ನಿಜವಾದರೂ ಅದರ ಅಂಕಗಳು ಡುಕಾಟಿಯ ಅರ್ಧಕ್ಕೂ ಕಡಿಮೆ. ಭಾನುವಾರದ ಗೆಲುವು ಒಂದೂ ಇಲ್ಲ. ಇಂಥ ಎದುರಾಳಿಯನ್ನು ಹಿಡಿಯಲು ಹಣ ಸುರಿಯುತ್ತಿದ್ದ ಕಂಪನಿಯ ಗೋದಾಮುಗಳಲ್ಲಿ, ವಿತರಕರ ಮಳಿಗೆಗಳಲ್ಲಿ ಮಾರಾಟವಾಗದ ಬೈಕುಗಳು ಲಕ್ಷಕ್ಕೂ ಮಿಕ್ಕಿ ಬಿದ್ದಿದ್ದವು. ಕೋವಿಡ್ ಕಾಲದಲ್ಲಿ ಏರಿದ ಬೇಡಿಕೆ ಹಾಗೆಯೇ ಇರುತ್ತದೆಂದು ನಂಬಿ ಉತ್ಪಾದಿಸಿದ್ದು, ಬಡ್ಡಿ ದರ ಏರಿದ್ದು, ಸೈಕಲ್ ವ್ಯಾಪಾರಕ್ಕೆ ಕೈ ಹಾಕಿ ಸುಟ್ಟುಕೊಂಡಿದ್ದು, ಇವೆಲ್ಲವೂ ಪತನದ ಕಾರಣಗಳು. ರೇಸೇ ಕಂಪನಿಯನ್ನು ಮುಳುಗಿಸಿತು ಎನ್ನುವುದು ಅತಿಶಯೋಕ್ತಿಯಾದೀತು. ಆದರೆ ಟ್ರ್ಯಾಕಿನ ಹೊಳಪು ಲೆಕ್ಕಪತ್ರದ ಕತ್ತಲೆಯನ್ನು ಮರೆಮಾಡಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಬೆಲೆ ತೆತ್ತವರು ಯಾರು? ಸಾಲ ಕೊಟ್ಟವರು 2025ರ ಫೆಬ್ರುವರಿಯಲ್ಲಿ ನೂರಕ್ಕೆ ಮೂವತ್ತು ಪಾಲಿಗೆ ಒಪ್ಪಬೇಕಾಯಿತು. ನೂರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಬಿಡಿಭಾಗ ಪೂರೈಸುವ ಸಣ್ಣ ಉದ್ಯಮಿಯ ಬಾಕಿಯಲ್ಲಿ ಎಪ್ಪತ್ತು ಪಾಲು ಕರಗಿ ಹೋಗುವುದೆಂದರೆ ಏನೆಂದು ನಮ್ಮ ಪೀಣ್ಯದವರಿಗೆ ವಿವರಿಸಬೇಕಿಲ್ಲ.

2007ರಿಂದಲೇ ಕೆಟಿಎಂನಲ್ಲಿ ಪಾಲು ಹೊಂದಿದ್ದ ಬಜಾಜ್, ಪುಣೆ ಬಳಿಯ ಚಾಕಣದಲ್ಲಿ ಅದರ ಸಣ್ಣ ಬೈಕುಗಳನ್ನು ತಯಾರಿಸುತ್ತಾ ಬಂದಿದೆ. ಬೆಂಗಳೂರಿನ ರಸ್ತೆಗಳಲ್ಲಿ ಕಿತ್ತಳೆ ಬಣ್ಣದ ಆ ಬೈಕುಗಳನ್ನು ನೋಡದವರಿಲ್ಲ. ಅವುಗಳ ಆಕರ್ಷಣೆಯಲ್ಲಿ ರೇಸಿನ ಕೀರ್ತಿಯ ಪಾಲೂ ಇದೆ. ಹೀಗಾಗಿ ಕಂಪನಿಯನ್ನು ಉಳಿಸುವುದು ಬಜಾಜ್‌ಗೆ ಸ್ವಂತ ಹಿತದ ಪ್ರಶ್ನೆಯೂ ಆಗಿತ್ತು. ಇದಕ್ಕಾಗಿ ಅದು ತೊಡಗಿಸಿದ್ದು ಒಟ್ಟು 80 ಕೋಟಿ ಯೂರೋ, ಅಂದರೆ ಏಳೂವರೆ ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣ. ಭಾರತೀಯ ಬಂಡವಾಳ ಯುರೋಪಿನ ಪ್ರಸಿದ್ಧ ಹೆಸರೊಂದನ್ನು ಕಾಪಾಡಿತೆಂದು ಹೆಮ್ಮೆಪಡುವುದು ಸಹಜ. ಅದರ ಜತೆಗೆ, ಇನ್ನು ಮುಂದೆ ಆ ರೇಸ್ ತಂಡದ ವೆಚ್ಚ ಎಷ್ಟು, ಪ್ರತಿಫಲ ಏನು ಎಂದು ಕೇಳುವ ಹಕ್ಕು ಇಲ್ಲಿನ ಷೇರುದಾರರಿಗೂ ಬಂದಿದೆ.

ಸರ್ಕಾರಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಫಾರ್ಮುಲಾ ಒನ್ 2011ರಿಂದ 2013ರವರೆಗೆ ನಡೆದು, ತೆರಿಗೆ ವಿವಾದಗಳ ನಡುವೆ ನಿಂತುಹೋಯಿತು. ಅದೇ ಜಾಗದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ದೇಶದ ಮೊದಲ ಮೋಟೊಜಿಪಿ ರೇಸ್ ನಡೆದಾಗ, ಅದು ವರ್ಷವರ್ಷವೂ ನಡೆಯಲಿದೆ ಎಂಬ ಭರವಸೆ ಇತ್ತು. 2024ರ ವೇಳಾಪಟ್ಟಿಯಲ್ಲಿದ್ದ ಭಾರತದ ಸುತ್ತನ್ನು ಋತುವಿನ ಮಧ್ಯದಲ್ಲಿಯೇ ಕೈಬಿಡಲಾಯಿತು. 2025ರಲ್ಲೂ ಅದು ನಡೆಯಲಿಲ್ಲ. ಟ್ರ್ಯಾಕ್ ಕಟ್ಟಿದ ಸಮೂಹದ ಮೂಲ ಕಂಪನಿಯೇ 2024ರ ಜೂನ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ರೇಸುಗಳು ಬೇಡವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಎಂಜಿನಿಯರುಗಳ ಕೌಶಲ, ಪ್ರವಾಸೋದ್ಯಮ, ಯುವಜನರ ಉತ್ಸಾಹ ಇವಕ್ಕೂ ಬೆಲೆಯುಂಟು. ಆದರೆ ಉದ್ಘಾಟನೆಯ ದಿನಕ್ಕಷ್ಟೇ ಹಣ ಇಟ್ಟು, ಐದನೆಯ ವರ್ಷದ ನಿರ್ವಹಣೆಗೆ ಏನೂ ಇಡದ ಯೋಜನೆಗಳು ನಮ್ಮ ಕಡತಗಳಲ್ಲಿ ಬೇಕಾದಷ್ಟಿವೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಕಂಪನಿಗೂ ಅನ್ವಯಿಸುತ್ತದೆ, ರಾಜ್ಯಕ್ಕೂ ಅನ್ವಯಿಸುತ್ತದೆ. ಮೂರೇ ಗೆಲುವುಗಳ ಚಾಂಪಿಯನ್ನನಿಂದ ಇಬ್ಬರೂ ಕಲಿಯಬೇಕಾದ್ದು ಇಷ್ಟೇ: ಕೊನೆಯ ರೇಸಿನವರೆಗೂ ಬೀಳದೆ ಇರುವುದು.