ಹಾಡಿಗೂ ಪಾಸ್‌ಪೋರ್ಟ್ ಬೇಕೆ?

'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಹಾಡನ್ನು ಎಂಬತ್ತರ ದಶಕದ ಮದುವೆಮನೆಗಳ ಮೈಕ್‌ಸೆಟ್‌ಗಳಲ್ಲಿ ಕೇಳಿ ತಲೆದೂಗಿದವರು ನಾವು. ಅದು ಯಾವ ದೇಶದ್ದೆಂದು ಆಗ ಯಾರೂ ಕೇಳಲಿಲ್ಲ.

ಆ ಹಾಡಿಗೆ ಸಂಗೀತ ನೀಡಿದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಅವರು 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಾಸ್‌ರಿಂದ 'ಕುಂಗ್ ಫು ಫೈಟಿಂಗ್' ಹಾಡಿಸಿದರು. ಬ್ರಿಟನ್, ಅಮೆರಿಕ ಎರಡರಲ್ಲೂ ಅದು ಮೊದಲ ಸ್ಥಾನಕ್ಕೇರಿತು. 'ಕುರ್ಬಾನಿ'ಯ ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. 1980ರ ಆ ಚಿತ್ರಕ್ಕಾಗಿ ಲಂಡನ್ನಿನಲ್ಲಿ ಹಾಡಿದವಳು ಕರಾಚಿಯ ಹುಡುಗಿ ನಾಝಿಯಾ ಹಸನ್. ಫಿಲ್ಮ್‌ಫೇರ್ ಪ್ರಶಸ್ತಿ ಕೊಟ್ಟು ಅವಳನ್ನು ಗೌರವಿಸಿದ್ದು ನಮ್ಮ ದೇಶ.

2016ರಲ್ಲಿ ಉರಿ ದಾಳಿಯ ಬಳಿಕ ಮುಂಬಯಿಯ ನಿರ್ಮಾಪಕರ ಸಂಘವೊಂದು ಪಾಕಿಸ್ತಾನದ ಕಲಾವಿದರನ್ನು ನಿಷೇಧಿಸಿತು. ಪುಲ್ವಾಮಾ, ಪಹಲ್ಗಾಮ್‌ಗಳ ನಂತರವೂ ಅದೇ ಕೂಗು ಎದ್ದಿತು. ಕೊಂದವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡಿದವರು ಮಾಡಿದ ತಪ್ಪೇನು? ಇದೇ ನಿಯಮ 1980ರಲ್ಲಿ ಇದ್ದಿದ್ದರೆ ನಾಝಿಯಾಳ ಕಂಠ ನಮಗೆ ದಕ್ಕುತ್ತಿತ್ತೇ?

1995ರಲ್ಲಿ ಅಲೀಷಾ ಚಿನಾಯ್ ಹಾಡಿ ದೇಶವನ್ನೇ ಕುಣಿಸಿದ 'ಮೇಡ್ ಇನ್ ಇಂಡಿಯಾ'ಕ್ಕೆ ಸಂಗೀತ ನೀಡಿದವರೂ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಇದೇ ಬಿದ್ದು. ದೇಶಪ್ರೇಮದ ಸರ್ಟಿಫಿಕೇಟ್ ಹಂಚುವವರು ಅದನ್ನು ಯಾವ ದೇಶದ ಲೆಕ್ಕಕ್ಕೆ ಬರೆಯುತ್ತಾರೆ?