ಮೂರು ಪುಟಗಳ ಒಬ್ಬ ಆಟಗಾರ

ಭತ್ತದ ಕೊಯ್ಲು ಮುಗಿದು ಗದ್ದೆಯ ನೀರು ಇಂಗಿತೆಂದರೆ ಸಿಂಧನೂರು ಸೀಮೆಯ ಹುಡುಗರಿಗೆ ಬಯಲಿನ ಕೊರತೆಯಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ತಣಿಸಿದ ನೆಲದಲ್ಲಿ ಕೂಳೆಯನ್ನು ಸವರಿ, ಎರೆಮಣ್ಣನ್ನು ತುಳಿದು ಗಟ್ಟಿಮಾಡಿ, ಮೂರು ಕೋಲು ನೆಟ್ಟರೆ ಕ್ರಿಕೆಟ್ಟಿನ ಅಂಗಣ ಸಿದ್ಧ. ಆಡುವವರುಂಟು, ನೋಡುವವರುಂಟು, ಧ್ವನಿವರ್ಧಕ ಹಿಡಿದು ಗಂಟಲು ಹರಿಯುವಂತೆ ವರ್ಣಿಸುವವರೂ ಉಂಟು. ಬರೆದಿಡುವವನು ಮಾತ್ರ ಆ ಹೊತ್ತಿಗೆ ಕೈಗೆ ಸಿಕ್ಕವನು. ಆಟಕ್ಕೆ ಬೇಡವಾದವನನ್ನೇ ಸಾಮಾನ್ಯವಾಗಿ ಆ ಕೆಲಸಕ್ಕೆ ಕೂರಿಸುತ್ತಾರೆ.

ಇದರ ಪರಿಣಾಮವೇನೆಂಬುದು ಕೆಲವು ದಿನಗಳ ಕೆಳಗೆ ನನಗೆ ತಿಳಿಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಮೊಬೈಲನ್ನು ಮುಂದೆ ಹಿಡಿದ. ಊರೂರಿನ ಪಂದ್ಯಗಳನ್ನು ದಾಖಲಿಸಿ, ಆಟಗಾರನ ಹೆಸರನ್ನು ಒತ್ತಿದೊಡನೆ ಅವನ ಜಾತಕವನ್ನೇ ಬಿಚ್ಚಿಡುವ ಆ್ಯಪ್‌ಗಳು ಈಗ ಬಂದಿವೆಯಷ್ಟೆ. ಅಂಥದೊಂದರಲ್ಲಿ ತನ್ನನ್ನು ಹುಡುಕಿ ತೋರಿಸಿದ. ಒಂದಲ್ಲ, ಮೂರು ಪುಟಗಳು! ಒಂದರಲ್ಲಿ ಶಾಲೆಯ ದಾಖಲೆಯ ಹೆಸರು; ಇನ್ನೊಂದರಲ್ಲಿ ಗೆಳೆಯರು ಕೂಗುವ ಅಡ್ಡಹೆಸರು; ಮೂರನೆಯದರಲ್ಲಿ ಯಾರೋ ತನಗೆ ತೋಚಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಪೋಣಿಸಿದ ವಿಕಾರ. “ಮೂವರೂ ನಾನೇ ಅದೀನ್ರಿ ಸರ್. ಆದ್ರ ರನ್ನೆಲ್ಲ ಹಂಚಿ ಹೋಗ್ಯಾವ್ರಿ” ಎಂದ. ಲಿಂಗಸುಗೂರಿನ ಕಡೆಯ ತಂಡವೊಂದು ಅವನನ್ನು ಸೇರಿಸಿಕೊಳ್ಳುವ ಯೋಚನೆಯಲ್ಲಿತ್ತಂತೆ. ಅವರು ತೆರೆದು ನೋಡಿದ್ದು ಮೂರರಲ್ಲಿ ತೀರ ಬಡವಾದ ಪುಟವನ್ನು. ಕರೆ ಬರಲಿಲ್ಲ.

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಬಹುದು. ಅವನ ಮಾತು ಕೇಳಿದಾಗ ನನಗೆ ನೆನಪಾದದ್ದು ಮಸ್ಕಿಯ ಬಂಡೆ. ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ್ದು ೧೮೩೭ರಲ್ಲಿ. ದೇಶದ ಉದ್ದಗಲದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರವೇ ಇದ್ದವು. ಆ ದೊರೆ ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡ. ಅದರಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು. ಹಾಗೆ ಹೆಸರುಳ್ಳ ಶಾಸನ ಮೊಟ್ಟಮೊದಲು ದೊರೆತದ್ದು ಅಲ್ಲಿಯೇ. ಹೆಸರನ್ನು ಸರಿಯಾಗಿ ಬರೆದಿಟ್ಟವನೊಬ್ಬನಿದ್ದುದರಿಂದ ಚಕ್ರವರ್ತಿಗೆ ಕಲ್ಲಿನ ಸಾಕ್ಷಿ ದೊರೆಯಿತು. ಅದೇ ನೆಲದ ಹುಡುಗನೊಬ್ಬ ಇಂದು ತನ್ನ ಹೆಸರಿಗಾಗಿ ತಡಕಾಡುತ್ತಿದ್ದಾನೆ.

ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ೧೯೯೩ರಲ್ಲಿ ಸೈಮನ್ ಕಿಂಗ್ ಎಂಬಾತ ಆರಂಭಿಸಿದ ಕ್ರಿಕಿನ್ಫೋವನ್ನೇ ನೋಡಿ. ದೇಶವಿದೇಶಗಳಲ್ಲಿ ಚದುರಿದ್ದ ವಿದ್ಯಾರ್ಥಿಗಳೂ ಸಂಶೋಧಕರೂ ಬಿಡಿಕಾಸಿನ ಆಸೆಯಿಲ್ಲದೆ ಸ್ಕೋರುಪಟ್ಟಿಗಳನ್ನು ಒಂದೊಂದಾಗಿ ಸೇರಿಸಿ ಅದನ್ನು ಬೆಳೆಸಿದರು. ಅಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಒಂದು ಸಂಖ್ಯೆಯುಂಟು. ಒಂದೇ ಹೆಸರಿನವರು ಹತ್ತು ಮಂದಿಯಿದ್ದರೂ ಯಂತ್ರ ತಪ್ಪುವುದಿಲ್ಲ. ಆದರೆ ಯಾರೋ ಒಬ್ಬ ಮಸಿಯಲ್ಲಿ ಬರೆದಿದ್ದರೆ ತಾನೆ ಅದು ಹುಡುಕಿಕೊಡುವುದು? ರಾಯಚೂರಿನಲ್ಲಿ ೧೯೭೧ರಲ್ಲಿ ಹುಟ್ಟಿದ ಯರೇಗೌಡರ ಪುಟ ಅಲ್ಲಿದೆ. ರೈಲ್ವೇಸ್ ತಂಡ ೨೦೦೧–೦೨ ಮತ್ತು ೨೦೦೪–೦೫ರಲ್ಲಿ ರಣಜಿ ಟ್ರೋಫಿ ಗೆದ್ದ ಕಾಲದ ಆಧಾರಸ್ತಂಭ ಅವರು. ನೂರಕ್ಕೂ ಹೆಚ್ಚು ಪ್ರಥಮದರ್ಜೆ ಪಂದ್ಯಗಳನ್ನಾಡಿಯೂ ಭಾರತದ ಪರವಾಗಿ ಆಡುವ ಯೋಗ ಬರಲಿಲ್ಲ. ಆ ಅನ್ಯಾಯವನ್ನು ಇಂದಿಗೂ ಎತ್ತಿ ತೋರಿಸಲು ಸಾಧ್ಯವಾಗಿರುವುದು ಅಂಕಿಗಳು ಉಳಿದಿರುವುದರಿಂದ. ಹೆಸರನ್ನು ಮಾತ್ರ ‘ಯೆರೆ’ ಎಂದೂ ‘ಗೌಡ್’ ಎಂದೂ ಸೀಳಿದ್ದಾರೆ. ನಮ್ಮ ಬಾಯಲ್ಲಿ ಅದು ಒಂದೇ ಮಾತು. ಶ್ರೀನಾಥರ ಜಾವಗಲ್ ಹಾಸನ ಜಿಲ್ಲೆಯ ಊರೆಂಬುದನ್ನು ಅರಿಯದ ಪರದೇಶದವರು ಅದೇ ಅವರ ಹೆಸರೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಅಂಕಿಗಳೇ ಎಲ್ಲವೂ ಅಲ್ಲವೆಂಬುದನ್ನು ಒಪ್ಪುತ್ತೇನೆ. ೫೮ ಟೆಸ್ಟುಗಳಲ್ಲಿ ಚಂದ್ರಶೇಖರ್ ೨೪೨ ವಿಕೆಟ್ಟು ಪಡೆದು ೧೬೭ ರನ್ನು ಹೊಡೆದರೆಂದು ಪಟ್ಟಿ ಹೇಳುತ್ತದೆ. ಚೆಂಡೆಸೆಯುತ್ತಿದ್ದ ಆ ಕೈಯೇ ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ್ದೆಂಬುದನ್ನು ಪಟ್ಟಿಯ ಯಾವ ಅಂಕಣವೂ ಹೇಳದು. ೧೯೯೯ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಹತ್ತು ಓವರುಗಳಲ್ಲಿ ೬ ರನ್ನಿಗೆ ೫ ವಿಕೆಟ್ಟು ಕಿತ್ತ ಸುನಿಲ್ ಜೋಶಿ, ಹುಡುಗನಾಗಿದ್ದಾಗ ನಸುಕಿನಲ್ಲೇ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸಮಾಡಿ ಶಾಲೆಯ ವೇಳೆಗೆ ಮರಳುತ್ತಿದ್ದ ಸಂಗತಿಗೂ ಅಲ್ಲಿ ಅಂಕಣವಿಲ್ಲ. ಆದರೂ ಆ ಪಟ್ಟಿಯಿಲ್ಲದಿದ್ದರೆ ಈ ಕಥೆಗಳನ್ನು ಕೇಳುವ ಕುತೂಹಲವಾದರೂ ಯಾರಿಗೆ ಹುಟ್ಟುತ್ತಿತ್ತು?

ಆದ್ದರಿಂದ ನಮ್ಮ ಭಾಗದಲ್ಲಿ ಪಂದ್ಯಾವಳಿ ನಡೆಸುವವರಲ್ಲಿ ನನ್ನದೊಂದು ಬಿನ್ನಹ. ಆಳೆತ್ತರದ ಕಪ್ಪುಗಳನ್ನು ಕೊಳ್ಳುವ ಹಣದಲ್ಲಿ ಒಂದಿಷ್ಟನ್ನು ಸ್ಕೋರು ಬರೆಯುವವನಿಗೆ ಸಂಭಾವನೆಯಾಗಿ ಕೊಡಿ. ಅವನಿಗೆ ನೆರಳೂ ಕುರ್ಚಿಯೂ ಇರಲಿ. ಆಟ ತೊಡಗುವ ಮುನ್ನ ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ಊರು, ಒಂದೇ ಮೊಬೈಲ್ ಸಂಖ್ಯೆ – ಇವನ್ನು ಬರೆಸಿಕೊಳ್ಳಿ. ಆ್ಯಪ್ ಇದ್ದೇ ಇರಲಿ, ಜೊತೆಗೆ ಕನ್ನಡದಲ್ಲಿ ಒಂದು ಪುಸ್ತಕವೂ ಇರಲಿ. ಮೊಬೈಲಿನ ಬ್ಯಾಟರಿ ತೀರಬಹುದು. ರಟ್ಟಿನ ಪುಸ್ತಕಕ್ಕೆ ಆ ಭಯವಿಲ್ಲ. (ಗೆದ್ದಲಿನ ಭಯವುಂಟು, ಅದು ನಮ್ಮ ಗ್ರಂಥಾಲಯಗಳಿಗೂ ಉಂಟು.)

ಅಂದು ಸಂಜೆ ನಾವಿಬ್ಬರೂ ಕುಳಿತು ಮೂರು ಪುಟಗಳ ರನ್ನುಗಳನ್ನು ಒಂದು ಹಾಳೆಯ ಮೇಲೆ ಕೂಡಿಸಿದೆವು. ಮೊತ್ತ ಅವನು ಎಣಿಸಿದ್ದಕ್ಕಿಂತ ಹೆಚ್ಚೇ ಆಯಿತು. ಹಾಳೆಯ ನೆತ್ತಿಯ ಮೇಲೆ ನಾನು ಅವನ ಹೆಸರನ್ನು ಕನ್ನಡದಲ್ಲಿ ಬರೆದೆ. “ಊರ ಹೆಸರು ಬಿಟ್ರಿ ಸರ್” ಎಂದವನೇ ಲೇಖನಿಯನ್ನು ಕೇಳಿ ಪಡೆದು, ಅದನ್ನು ತಾನೇ ಮುಂದೆ ಸೇರಿಸಿ, ಹಾಳೆಯ ಚಿತ್ರ ತೆಗೆದುಕೊಂಡು, ಮಸ್ಕಿಯ ಬಸ್ಸು ಹಿಡಿಯಲು ಅವಸರವಾಗಿ ಹೊರಟ.