ಕೊಬ್ಬರಿ ದುಡ್ಡು, ರ್‍ಯಾಮ್ ರೇಟು

‘ಅದೇನ್ಲ ಅದು, ಗೇಣುದ್ದ ಇಲ್ಲ ಅಂತೀಯ, ಹನ್ನೊಂದು ಸಾವಿರವಾ?’

ಫೋನಿನ ಆ ಕಡೆಯಿಂದ ಅಪ್ಪ ಕೇಳಿದಾಗ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದೆ. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಜೇಬಿನಲ್ಲಿ ಎರಡು ಚೀಟಿಗಳಿದ್ದವು. ಒಂದು ಅಕ್ಟೋಬರ್‌ನಲ್ಲಿ ಬರೆಸಿಕೊಂಡು ಹೋಗಿದ್ದ ಕೊಟೇಷನ್, ಇನ್ನೊಂದು ಆಗಷ್ಟೇ ಅದೇ ಅಂಗಡಿಯವರು ಬರೆದುಕೊಟ್ಟಿದ್ದು. ಭಾಗಗಳು ಅವೇ. ಒಟ್ಟು ಮೊತ್ತ ಮಾತ್ರ 49,800 ಇದ್ದದ್ದು 59,700 ಆಗಿತ್ತು. ‘ಅಕ್ಟೋಬರ್ ರೇಟು ಅಕ್ಟೋಬರ್‌ಗೆ ಬಾಸ್’ ಎಂದು ಅಂಗಡಿಯವರು ಮುಂದಿನ ಗಿರಾಕಿಯ ಕಡೆ ತಿರುಗಿದರು.

ನಮ್ಮದು ತಿಪಟೂರು ಕಡೆಯ ಹಳ್ಳಿ. ಮನೆಗೆ ದುಡ್ಡು ಬರುವುದು ಕೊಬ್ಬರಿಯಿಂದ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಸುಲಿದು, ಒಡೆದು, ಉಂಡೆ ಕೊಬ್ಬರಿ ಮಾಡಿ ಮಾರುಕಟ್ಟೆಗೆ ಹಾಕುತ್ತೇವೆ. ಕಳೆದ ವರ್ಷ ಕೊಬ್ಬರಿಗೆ ಒಳ್ಳೆಯ ಬೆಲೆ ಬಂತು. ಬಹಳ ವರ್ಷಗಳಿಂದ ಕೇಳುತ್ತಿದ್ದ ಕಂಪ್ಯೂಟರ್‌ಗೆ ಅಪ್ಪ 50 ಸಾವಿರ ಒಪ್ಪಿದರು. ತಂಗಿಯ ಪಿಯು ಫೀಸು ತೆಗೆದಿಟ್ಟ ಮೇಲೆ ಉಳಿದ ದುಡ್ಡು ಅದು, ಒಂದು ರೂಪಾಯಿ ಹೆಚ್ಚು ಕೇಳುವ ಹಾಗಿರಲಿಲ್ಲ. ‘ಓದೋಕೆ ತಾನೆ?’ ಎಂದು ಕೇಳಿದ್ದರು. ‘ಹೌದು’ ಎಂದಿದ್ದೆ. ಅದು ಅರ್ಧ ನಿಜ. ಆ ಅರ್ಧದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಕ್ಟೋಬರ್ ಚೀಟಿಯಲ್ಲಿ ಇದ್ದದ್ದು ಇಷ್ಟು. ರೈಜನ್ 5 5600 ಪ್ರೊಸೆಸರ್ 9,200, ಬಿ550 ಮದರ್‌ಬೋರ್ಡ್ 7,400, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್ 4,400, 500 ಜಿಬಿ ಎಸ್‌ಎಸ್‌ಡಿ 3,100, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ 19,500, 550 ವಾಟ್ ಎಸ್‌ಎಂಪಿಎಸ್ 3,700, ಕ್ಯಾಬಿನೆಟ್ 2,500. ಮಾನಿಟರ್ ಮಾವನ ಮನೆಯ ಹಳೆಯದು. ಜನವರಿಯ ಚೀಟಿಯಲ್ಲಿ ಗ್ರಾಫಿಕ್ಸ್ ಕಾರ್ಡ್ 1,200 ಏರಿತ್ತು, ಎಸ್‌ಎಸ್‌ಡಿ 5,000 ಆಗಿತ್ತು. ರ್‍ಯಾಮ್ 11,200! ಪ್ರೊಸೆಸರ್‌ಗಿಂತ ರ್‍ಯಾಮ್ ದುಬಾರಿ ಆಗಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಎಂದುಕೊಂಡು ಆ ರಸ್ತೆಯ ಇನ್ನೂ ನಾಲ್ಕು ಅಂಗಡಿ ಹತ್ತಿಳಿದೆ. ಎಲ್ಲ ಕಡೆ ಐನೂರು, ಸಾವಿರದ ವ್ಯತ್ಯಾಸವಷ್ಟೆ. ಒಬ್ಬರಂತೂ ‘ಬೆಳಿಗ್ಗೆ ಒಂದು ರೇಟು, ಸಂಜೆ ಒಂದು’ ಎಂದು ಬೆಲೆ ಬರೆದುಕೊಡಲೂ ಒಪ್ಪಲಿಲ್ಲ. ಇದು ಎಸ್.ಪಿ. ರಸ್ತೆಯ ಕಥೆಯಲ್ಲ, ಲೋಕದ ಕಥೆ.

ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ಮಾಡುವುದು ಮೂರೇ ಕಂಪನಿಗಳು: ಕೊರಿಯಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ್ದು ಎಚ್‌ಬಿಎಂ ಎಂಬ, ಚಿಪ್‌ಗಳನ್ನು ಒಂದರ ಮೇಲೊಂದು ಪೇರಿಸಿ ಮಾಡುವ ಮೆಮೊರಿ. ಮೈಕ್ರಾನ್ ಕೊಟ್ಟ ಲೆಕ್ಕದ ಪ್ರಕಾರ ಅಷ್ಟೇ ಸಾಮರ್ಥ್ಯದ ಡಿಡಿಆರ್5ಗೆ ಹೋಲಿಸಿದರೆ ಎಚ್‌ಬಿಎಂಗೆ ಸುಮಾರು ಮೂರು ಪಟ್ಟು ಸಿಲಿಕಾನ್ ವೇಫರ್ ಬೇಕು. ಅಂದರೆ ಡೇಟಾ ಸೆಂಟರ್‌ಗೆ ಹೋಗುವ ಪ್ರತಿ ಒಂದು ಜಿಬಿಗೆ ನಮ್ಮಂಥವರ ಮೂರು ಜಿಬಿ ಕಡಿಮೆ. 2025ರ ಅಕ್ಟೋಬರ್ ಮೊದಲ ವಾರದಲ್ಲಿ ಓಪನ್‌ಎಐ ತನ್ನ ಸ್ಟಾರ್‌ಗೇಟ್ ಯೋಜನೆಗಾಗಿ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜತೆ ಕೈಜೋಡಿಸಿತು. ಆಗ ಕೇಳಿಬಂದ ಸಂಖ್ಯೆ ತಿಂಗಳಿಗೆ 9 ಲಕ್ಷ ವೇಫರ್‌ವರೆಗೆ. ಡಿಸೆಂಬರ್ 3ರಂದು ಮೈಕ್ರಾನ್ ತನ್ನ ‘ಕ್ರೂಷಿಯಲ್’ ಹೆಸರಿನ ರ್‍ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ನನ್ನ ಚೀಟಿಯಲ್ಲಿದ್ದ ರ್‍ಯಾಮ್ ಅದೇ ಹೆಸರಿನದು. ಅದೇ ವಾರ ಡಾಲರ್ 90 ರೂಪಾಯಿ ದಾಟಿತು. ಇವೆಲ್ಲ ಪ್ರತ್ಯೇಕ ಸುದ್ದಿಗಳಾಗಿ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬಂದಿದ್ದವು. ನಾನು ಆಗ ಇಂಟರ್ನಲ್ಸ್‌ಗೆ ಓದುತ್ತಿದ್ದೆ, ಪುಟ ತಿರುಗಿಸಿದ್ದೆ.

ಹಳೆಯ ಡಿಡಿಆರ್4 ತಾನೆ, ಎಐಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ದೊಡ್ಡ ತಯಾರಕರು ಡಿಡಿಆರ್4 ತಯಾರಿಕೆಯನ್ನು ನಿಲ್ಲಿಸುವತ್ತ 2025ರಲ್ಲೇ ಹೆಜ್ಜೆ ಇಟ್ಟಿದ್ದರು. ಹೊಸದು ತುಟ್ಟಿಯಾದಾಗ ಎಲ್ಲರೂ ಹಳೆಯದಕ್ಕೆ ಬಂದರು. ಹಳೆಯದರ ತಯಾರಿಕೆ ಆಗಲೇ ಕಡಿಮೆಯಾಗಿತ್ತು.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದು, ‘ಮಾಲು ಕಮ್ಮಿ, ಕೇಳೋರು ಜಾಸ್ತಿ, ಅಷ್ಟೇ ತಾನೆ? ನಮ್ಮ ಕೊಬ್ಬರಿಗೂ ಹಂಗೇ ಆಗಿದ್ದು’ ಎಂದರು. ನನ್ನ ಎರಡು ವಾರದ ಓದು ಒಂದು ಸಾಲಿಗೆ ಇಳಿಯಿತು. ಒಂದು ವ್ಯತ್ಯಾಸ ಇದೆ. ಕೊಬ್ಬರಿ ಬೆಲೆ ಏರಿದರೆ ಮುಂದಿನ ವರ್ಷ ನಾಲ್ಕು ಜನ ಹೆಚ್ಚು ಕಾಯಿ ಅಟ್ಟಕ್ಕೆ ಹಾಕಬಹುದು. ಚಿಪ್ ಕಾರ್ಖಾನೆ ಕಟ್ಟಲು ವರ್ಷಗಳೇ ಬೇಕು. ಹಾಗಾಗಿ ‘ಎರಡು ತಿಂಗಳು ಕಾಯಿ, ಇಳಿಯುತ್ತೆ’ ಎನ್ನುವ ಗೆಳೆಯರ ಮಾತನ್ನು ನಾನು ನಂಬಲಿಲ್ಲ.

ಹತ್ತು ಸಾವಿರ ಎಲ್ಲಿ ಕಡಿಮೆ ಮಾಡುವುದು? ಬಹಳ ಜನ ಮೊದಲು ಕೈ ಹಾಕುವುದು ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್ ಜತೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಎಂಟುನೂರು, ಸಾವಿರಕ್ಕೆ ಸಿಗುತ್ತದೆ. ಹಾಸ್ಟೆಲಿನ ಗೆಳೆಯನೊಬ್ಬ ಹಾಗೇ ಮಾಡಿದ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಅದು ಸುಟ್ಟುಹೋಯಿತು. ಹೋಗುವಾಗ ಮದರ್‌ಬೋರ್ಡನ್ನೂ ಜತೆಗೆ ಕರೆದುಕೊಂಡು ಹೋಯಿತು. ನಮ್ಮ ಊರಿನ ವೋಲ್ಟೇಜು ಗೊತ್ತಿರುವವರು ಈ ಭಾಗದಲ್ಲಿ ಉಳಿತಾಯ ಮಾಡಬಾರದು. ನಾನು 3,700 ಮುಟ್ಟಲಿಲ್ಲ.

ಎರಡನೆಯ ದಾರಿ 8 ಜಿಬಿಯ ಒಂದೇ ರ್‍ಯಾಮ್ ಹಾಕುವುದು. ಇವತ್ತಿನ ಆಟಗಳಿಗೆ 8 ಜಿಬಿ ಸಾಲದು. ಅದಕ್ಕಿಂತ ಮುಖ್ಯವಾಗಿ, ಒಂದೇ ಕಡ್ಡಿ ಹಾಕಿದರೆ ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ಒಂದೇ ದಾರಿ ತೆರೆದಿರುತ್ತದೆ. ಎರಡು ಹಾಕಿದರೆ ಎರಡು ದಾರಿ.

ಮೂರನೆಯದು ಗ್ರಾಫಿಕ್ಸ್ ಕಾರ್ಡನ್ನೇ ಬಿಟ್ಟು, ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿಯಂಥ ಪ್ರೊಸೆಸರ್ ತೆಗೆದುಕೊಳ್ಳುವುದು. ಕಡಿಮೆ ಬಜೆಟ್‌ನವರಿಗೆ ಎಲ್ಲರೂ ಹೇಳುತ್ತಿದ್ದ ಉಪಾಯ ಇದು. ಆದರೆ ಅಂಥ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮಿನಿಂದಲೇ ಒಂದೆರಡು ಜಿಬಿ ಕಿತ್ತುಕೊಳ್ಳುತ್ತದೆ, ಮತ್ತು ರ್‍ಯಾಮ್ ವೇಗವಾಗಿದ್ದಷ್ಟೂ ಇದೂ ವೇಗ. ಎಂದರೆ ಕಡಿಮೆ ದುಡ್ಡಿನವನ ಕಂಪ್ಯೂಟರ್‌ಗೇ ಒಳ್ಳೆಯ ರ್‍ಯಾಮ್ ಹೆಚ್ಚು ಬೇಕು! ಈ ಬೆಲೆ ಏರಿಕೆ ಬಡವನಿಗೆ ಎರಡು ಸಲ ಹೊಡೆಯುತ್ತದೆ.

ಉಳಿದದ್ದು ಸೆಕೆಂಡ್ ಹ್ಯಾಂಡ್. ಇಲ್ಲಿ ಇನ್ನೊಂದು ಸುದ್ದಿ ನನಗೆ ಉಪಯೋಗಕ್ಕೆ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಸರಿಸುಮಾರು ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್‌ಗಳನ್ನು. ಆರು ಮತ್ತು ಏಳನೇ ಪೀಳಿಗೆಯ ಕಂಪ್ಯೂಟರ್‌ಗಳನ್ನು ಕಚೇರಿಗಳು ಗುಜರಿಗೆ ಹಾಕುತ್ತಿವೆ. ಅವುಗಳಲ್ಲಿ ಬಹುಪಾಲಿನ ಒಳಗಿರುವುದು ಡಿಡಿಆರ್4 ರ್‍ಯಾಮ್. ಹಳೆಯ ಕಂಪ್ಯೂಟರ್ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಅಂಥವು ರಟ್ಟಿನ ಡಬ್ಬಿಯಲ್ಲಿ ಎಲೆ ಅಡಿಕೆಯ ಹಾಗೆ ಜೋಡಿಸಿಟ್ಟಿದ್ದವು. 8 ಜಿಬಿಯದು 2,600ರಂತೆ ಎರಡಕ್ಕೆ 5,200.

ಇದರಲ್ಲಿ ಎಡವುವ ಜಾಗಗಳಿವೆ. ಚಿಕ್ಕ ಆಫೀಸ್ ಕಂಪ್ಯೂಟರ್‌ಗಳಿಂದ ತೆಗೆದದ್ದು ಲ್ಯಾಪ್‌ಟಾಪಿನ ಗಿಡ್ಡ ರ್‍ಯಾಮ್ ಆಗಿರಬಹುದು, ಅದು ನಮ್ಮ ಸ್ಲಾಟಿಗೆ ಕೂರುವುದಿಲ್ಲ. ತೀರಾ ಅಗ್ಗಕ್ಕೆ ಸಿಗುವ 16 ಜಿಬಿಯವು ಬಹುತೇಕ ಸರ್ವರ್‌ನವು, ನೋಡಲು ಹಾಗೇ ಇರುತ್ತವೆ, ಮನೆಯ ಮದರ್‌ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ನನಗೆ ಸಿಕ್ಕಿದ್ದು 2400 ವೇಗದ್ದು, ಚೀಟಿಯಲ್ಲಿದ್ದದ್ದು 3200. ರೈಜನ್‌ನ ಒಳಗಿನ ಸಂಪರ್ಕಜಾಲದ ವೇಗ ರ್‍ಯಾಮಿನ ವೇಗಕ್ಕೆ ಅಂಟಿಕೊಂಡಿರುವುದರಿಂದ ಇದರ ಪೆಟ್ಟು ಆಟದಲ್ಲಿ ಕಾಣುತ್ತದೆ. ಒಪ್ಪಿಕೊಂಡೆ. ಅಂಗಡಿಯವರು ಒಂದು ವಾರದ ಬದಲಿ ಕೊಡುವುದಾಗಿ ಬಿಲ್ಲಿನ ಹಿಂದೆ ಬರೆದುಕೊಟ್ಟರು. ಅಂದೇ ರಾತ್ರಿ ಮೆಮ್‌ಟೆಸ್ಟ್86 ಹಾಕಿ ಮಲಗಿದೆ. ಬೆಳಿಗ್ಗೆ ಪರದೆಯ ತುಂಬ ಕೆಂಪು ಸಾಲುಗಳು. ಎರಡರಲ್ಲಿ ಒಂದು ಕೆಟ್ಟದ್ದು. ಮರುದಿನ ಬದಲಾಯಿಸಿಕೊಟ್ಟರು, ಚಕಾರ ಎತ್ತಲಿಲ್ಲ. ಹಳೆಯ ರ್‍ಯಾಮ್ ಕೊಳ್ಳುವವರು ಈ ಒಂದು ರಾತ್ರಿಯನ್ನು ದಯವಿಟ್ಟು ಬಿಡಬೇಡಿ.

ಬಿ550 ಬದಲು ಎ520 ಬೋರ್ಡ್ ತೆಗೆದುಕೊಂಡೆ, 2,400 ಉಳಿಯಿತು. ಓವರ್‌ಕ್ಲಾಕಿಂಗ್ ಇಲ್ಲ, ರ್‍ಯಾಮಿಗೆ ಎರಡೇ ಸ್ಲಾಟು. ಬೋರ್ಡು ಹಳೆಯ ಸ್ಟಾಕ್ ಆಗಿದ್ದರೆ ಈ ಪ್ರೊಸೆಸರ್ ಗುರುತಿಸಲು ಬಯೋಸ್ ಅಪ್‌ಡೇಟ್ ಬೇಕಾಗುತ್ತದೆ, ಅದನ್ನು ಅಂಗಡಿಯಲ್ಲೇ ಮಾಡಿಸಿಕೊಂಡೆ. ಬಣ್ಣದ ದೀಪವಿಲ್ಲದ ಕ್ಯಾಬಿನೆಟ್‌ನಿಂದ ಒಂದು ಸಾವಿರ ಉಳಿಯಿತು. ಒಟ್ಟು 50,300. ಮುನ್ನೂರು ನನ್ನದು.

ಈಗ ಆ ಅರ್ಧ ನಿಜದ ವಿಷಯ. ಹತ್ತಿರದ ಬೆಲೆಯಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಸಿಗುತ್ತಿತ್ತು. ಆಟದಲ್ಲಿ ಅದು ಆರ್‌ಎಕ್ಸ್ 6600ಗಿಂತ ಸಾಕಷ್ಟು ಹಿಂದೆ. ಆದರೆ ಕ್ಯೂಡಾ ಓಡುವುದು ಎನ್‌ವಿಡಿಯಾ ಕಾರ್ಡಿನಲ್ಲಿ ಮಾತ್ರ. ಮಷಿನ್ ಲರ್ನಿಂಗ್ ಕಲಿಯುವವರಿಗೆ ಅದೇ ಸಲೀಸು. ಓದೋಕೆ ಎಂದು ದುಡ್ಡು ತೆಗೆದುಕೊಂಡವನು ಯಾವುದನ್ನು ಆರಿಸಬೇಕಿತ್ತು ಎಂದು ಹೇಳಬೇಕಾಗಿಲ್ಲ. ನಾನು ಅಂಗಡಿಯಲ್ಲಿ ಎರಡೂ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಕೊನೆಗೆ 6600 ತೆಗೆದುಕೊಂಡೆ. ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ನನ್ನ ವೆರಿಲಾಗ್ ಸಿಮ್ಯುಲೇಷನ್‌ಗೆ ಬೇಕಾದ್ದು ಪ್ರೊಸೆಸರ್ ಮತ್ತು ರ್‍ಯಾಮ್, ಮಷಿನ್ ಲರ್ನಿಂಗ್ ಅಸೈನ್‌ಮೆಂಟ್‌ಗಳಿಗೆ ಗೂಗಲ್ ಕೊಲ್ಯಾಬ್ ಸಾಕಾಗುತ್ತದೆ ಎಂಬುದು ನನ್ನ ಸಮರ್ಥನೆ. ಸಮರ್ಥನೆ ಎಂದೇ ಕರೆಯುತ್ತೇನೆ. ಹತ್ತನೇ ತರಗತಿಯಿಂದ ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡಿದವನಿಗೆ ತಾನೂ ಆಡಬೇಕು ಎನಿಸಿತ್ತು. ಅಪ್ಪನಿಗೆ ಆ ವಾರವೇ ಹೇಳಿದೆ, ‘ಓದೋಕೂ, ಆಟಕ್ಕೂ ಅಪ್ಪ’ ಎಂದು. ‘ಗೊತ್ತು ಬಿಡ್ಲ’ ಎಂದರು.

(‘ಜಿಟಿಎ 6ಗಾಗಿ ಕಂಪ್ಯೂಟರ್ ಕಟ್ಟಿಸುತ್ತಿದ್ದೇನೆ’ ಎನ್ನುವ ಗೆಳೆಯರಿಗೊಂದು ಮಾತು: ಆ ಆಟ ಸದ್ಯ ಪ್ರಕಟವಾಗಿರುವುದು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗೆ ಮಾತ್ರ. ಕಂಪ್ಯೂಟರ್‌ಗೆ ದಿನಾಂಕವನ್ನೇ ಹೇಳಿಲ್ಲ.)

ಸರ್ಕಾರಕ್ಕೆ ಇದರಲ್ಲಿ ಏನು ಪಾಲು? ನನ್ನ ಬಿಲ್ಲಿನಲ್ಲಿ ಹೊಸ ಭಾಗಗಳಿಗೆಲ್ಲ ಶೇ 18ರ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರಂದು ಎಸಿ, ದೊಡ್ಡ ಟಿವಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಪ್ರೊಸೆಸರ್, ರ್‍ಯಾಮ್ ಮೊದಲೇ 18ರಲ್ಲಿದ್ದವು, ಅಲ್ಲೇ ಉಳಿದವು. ವಿದ್ಯಾರ್ಥಿಯ ಕಂಪ್ಯೂಟರ್‌ಗೂ ಹವಾನಿಯಂತ್ರಕಕ್ಕೂ ಈಗ ಒಂದೇ ತೆರಿಗೆ. ಗುಜರಾತಿನ ಸಾನಂದ್‌ನಲ್ಲಿ ಇದೇ ಮೈಕ್ರಾನ್ ಘಟಕಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. 275 ಕೋಟಿ ಡಾಲರ್‌ನ ಆ ಯೋಜನೆಯಲ್ಲಿ ಅರ್ಧ ಕೇಂದ್ರದ್ದು, ಶೇ 20 ಗುಜರಾತ್ ಸರ್ಕಾರದ್ದು. ಅಲ್ಲಿ ನಡೆಯುವುದು ಬೇರೆಡೆ ತಯಾರಾದ ವೇಫರ್‌ಗಳ ಜೋಡಣೆ, ಪರೀಕ್ಷೆ, ಪ್ಯಾಕಿಂಗ್. ಅದೂ ಬೇಕಾದ ಕೆಲಸವೇ, ನಮ್ಮಂಥ ಪದವೀಧರರಿಗೆ ಉದ್ಯೋಗವೂ ಹೌದು. ಆದರೆ ಯಾರಿಗೆ ಎಷ್ಟು ಮೆಮೊರಿ ಎಂಬ ತೀರ್ಮಾನ ಅಲ್ಲಿ ಆಗುವುದಿಲ್ಲ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಆ ಕಂಪನಿಯ ಚಿಪ್ಪನ್ನು ಅದೇ ಊರಿನಲ್ಲಿ ಡಾಲರ್ ಲೆಕ್ಕದಲ್ಲಿ ಕೊಂಡು ಬಂದೆ.

ನಾನು ಕೇಳುವುದು ಸಬ್ಸಿಡಿ ಅಲ್ಲ. ಕಾಲೇಜಿನ ಲ್ಯಾಬುಗಳನ್ನು ಸಂಜೆ ಐದಕ್ಕೆ ಬೀಗ ಹಾಕುವ ಬದಲು ಒಂಬತ್ತರವರೆಗೆ ತೆರೆದಿಡಲಿ. ನಮ್ಮ ಬ್ಯಾಚಿನಲ್ಲಿ ನನಗಿಂತ ಚೆನ್ನಾಗಿ ಕೋಡ್ ಬರೆಯುವ ಹುಡುಗಿಯೊಬ್ಬಳ ಬಳಿ ಇರುವುದು 4 ಜಿಬಿಯ ಹಳೆಯ ಲ್ಯಾಪ್‌ಟಾಪ್. ಈ ವರ್ಷ ಅದಕ್ಕೆ ರ್‍ಯಾಮ್ ಹಾಕಿಸೋಣ ಎಂದುಕೊಂಡಿದ್ದಳು. ಬೆಲೆ ಕೇಳಿ ಬಿಟ್ಟಳು. ನನಗಾದರೆ ಆಟದಲ್ಲಿ ಹತ್ತು ಫ್ರೇಮ್ ಕಡಿಮೆಯಾಯಿತು, ಅವಳಿಗೆ ಪ್ರಾಜೆಕ್ಟೇ ನಿಂತಿದೆ. ಶನಿವಾರಗಳಲ್ಲಿ ಈಗ ನನ್ನ ರೂಮಿನ ಕಂಪ್ಯೂಟರ್‌ಗೆ ಅವಳು ಹಾಸ್ಟೆಲಿನಿಂದ ರಿಮೋಟ್ ಮೂಲಕ ಸೇರಿಕೊಂಡು ಸಿಮ್ಯುಲೇಷನ್ ಓಡಿಸುತ್ತಾಳೆ. ಅಷ್ಟು ಹೊತ್ತು ನನಗೆ ಆಟವಿಲ್ಲ.

ಭಾನುವಾರ ಅಪ್ಪ ಫೋನ್ ಮಾಡಿದಾಗ ಕೊಬ್ಬರಿ ರೇಟು ಹೇಳುತ್ತಾರೆ, ಆಮೇಲೆ ರ್‍ಯಾಮ್ ರೇಟು ಕೇಳುತ್ತಾರೆ. ಕಳೆದ ವಾರ ಆ ಅಂಗಡಿಯಲ್ಲಿ ನನ್ನಂಥದ್ದೇ ಹಳೆಯ 8 ಜಿಬಿಗೆ 3,000 ಹೇಳಿದರಂತೆ, ಗೆಳೆಯ ಕೇಳಿಕೊಂಡು ಬಂದಿದ್ದ.